ಪಾತ್ರೆಯಲ್ಲಿ ಮಿಕ್ಕಿದ್ದು

ಸೋನಾರ್‌ಪುರ, ಕಾಶಿ
ಮಂಗಳವಾರ, 10 ಫೆಬ್ರವರಿ 1976

ಪ್ರೀತಿಯ ತಮ್ಮ ದಾನಿಯೇಲನಿಗೆ,

ಇಂದು ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ನೀನು ತೀರಿಕೊಂಡೆ. ಎಂಟು ಗಂಟೆಗೆ ಸುದ್ದಿ ತಂದವರು ಶಂಭುಲಿಂಗಯ್ಯನವರು, ಇಲ್ಲಿನ ಕನ್ನಡದ ಮಠದಲ್ಲಿ ಯಾತ್ರಿಕರ ವ್ಯವಸ್ಥೆ ನೋಡಿಕೊಳ್ಳುವವರು. ಡಾಕ್ಟರ ಚೀಟಿಯಲ್ಲಿ ಲಿವರ್ ಕೆಟ್ಟಿದೆ, ಜೊತೆಗೆ ನ್ಯುಮೋನಿಯಾ ಎಂದು ಬರೆದಿದೆ. ವಯಸ್ಸು ನಲವತ್ತೈದು ಎಂದು ಹಾಕಿದ್ದರು. ಮೂವತ್ತಾರು ಎಂದು ತಿದ್ದಿಸಿದೆ. ಬರೆದುಕೊಂಡವನು ಒಮ್ಮೆ ನಿನ್ನ ಮುಖ ನೋಡಿ, ಒಮ್ಮೆ ನನ್ನ ಮುಖ ನೋಡಿ, ತಿದ್ದಿದ.

ಶಂಭುಲಿಂಗಯ್ಯನವರು ಹೇಳಿದ್ದನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ. ಭಾನುವಾರ ಬೆಳಿಗ್ಗೆ ಅವರು ಬಂಗಾಲಿ ಟೋಲಾದ ಗಲ್ಲಿಯಲ್ಲಿ ಹೋಗುತ್ತಿದ್ದಾಗ ಒಂದು ಜಗಲಿಯ ಮೇಲಿಂದ ಯಾರೋ ಕನ್ನಡದಲ್ಲಿ ನೀರು ಕೇಳಿದರಂತೆ. ಊರಿಂದ ಬಂದ ಯಾತ್ರಿಕನೆಂದುಕೊಂಡು ಹತ್ತಿರ ಹೋದರೆ ನೀನು, ಜ್ವರದಲ್ಲಿ. ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿದವರು ಅವರೇ. ನಿಮ್ಮವರು ಯಾರಿದ್ದಾರೆ ಎಂದು ಎರಡು ದಿನ ಕೇಳಿದರೂ ನೀನು ಯಾರೂ ಇಲ್ಲವೆಂದೆಯಂತೆ. ನಿನ್ನೆ ಸಂಜೆ ಮಾತ್ರ ನೀನಾಗಿಯೇ ಹೇಳಿದೆಯಂತೆ: "ಅಕ್ಕಗ ಹೇಳಬ್ಯಾಡ್ರಿ. ಸಾಲಿ ಬಿಟ್ಟು ಓಡಿ ಬರ್ತಾಳ." ರಾತ್ರಿ ನಿನ್ನ ಬಳಿಯೇ ಇದ್ದು, ಆ ಒಂದು ಮಾತಿನಿಂದ ಅವರು ಬೆಳಿಗ್ಗೆ ಇಲ್ಲಿನ ಶಾಲೆಯಲ್ಲಿ ಕಲಿಸುವ ಕನ್ನಡದ ಮಾಸ್ಟರಣಿಯನ್ನು ಹುಡುಕಿಕೊಂಡು ಬಂದರು. ಅಷ್ಟರಲ್ಲಿ ನೀನು ಹೋಗಿದ್ದೆ.

ಕೊನೆಗೆ ನೀನು ಪ್ರಾರ್ಥನೆ ಹೇಳಿರೆಂದು ಅವರನ್ನೇ ಕೇಳಿದೆಯಂತೆ. "ನಿಮ್ಮ ಪ್ರಾರ್ಥನಿ ನನಗ ಬರೂದಿಲ್ಲಪ್ಪ" ಅಂದರಂತೆ ಅವರು. ಅವ್ವ ಕಲಿಸಿದ್ದನ್ನು ನೀನೇ ಶುರು ಮಾಡಿ ನಡುವೆ ನಿಲ್ಲಿಸಿದೆ. ಅವರು ಕಾದು, ನೀನು ಮುಂದುವರಿಸದಿದ್ದಾಗ, ನಿನ್ನ ಕೈ ಹಿಡಿದು ಶಿವ ಶಿವ ಎಂದರು. ನನ್ನ ಬಾಗಿಲಲ್ಲಿ ನಿಂತು ಅದನ್ನೇ ಕೇಳಿದರು: "ತಪ್ಪಾತೇನ ತಂಗಿ? ಆ ಹೊತ್ತಿಗೆ ನನಗ ಬ್ಯಾರೆ ಏನೂ ಹೊಳೀಲಿಲ್ಲ." ಇಲ್ಲರಿ ಅಂದೆ. ಒಳಗೆ ಕರೆದು ಕುರ್ಚಿ ಹಾಕುವುದೂ ನನಗೆ ತೋಚಲಿಲ್ಲ.

ಇದು ಇಷ್ಟು. ಇನ್ನು, ನಿನಗೂ ನನಗೂ ಮಾತ್ರ ಗೊತ್ತಿದ್ದದ್ದು.

ನೀನು ಕುಡಿತ ಬಿಟ್ಟದ್ದು 1974ರ ನವೆಂಬರಿನಲ್ಲಿ. ಅದಕ್ಕೂ ಮೊದಲೇ ನಮ್ಮ ಚರ್ಚಿನ ಸಭೆಯವರು ನಿನ್ನನ್ನು ಕರ್ತನ ಭೋಜನದಿಂದ ಹೊರಗಿಟ್ಟಿದ್ದರು. ಒಂದು ವರ್ಷ ನೀನು ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಕೂತೆ. ಉಳಿದವರು ಎದ್ದು ರೊಟ್ಟಿ, ದ್ರಾಕ್ಷಾರಸಕ್ಕೆ ಮುಂದೆ ಹೋಗುವಾಗ ನೀನು ಕಾಲು ಸರಿಸಿ ದಾರಿ ಬಿಡುತ್ತಿದ್ದೆ. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕಾರ್ಖಾನೆಯ ಕೆಲಸಕ್ಕೆ ಒಂದು ದಿನವೂ ತಪ್ಪಿಸಲಿಲ್ಲ ನೀನು. ನನ್ನ ಹೊಲಿಗೆ ಯಂತ್ರ ರಿಪೇರಿ ಮಾಡಿದೆ, ಕೆಳಗಿನ ಮನೆಯ ಕೈಪಂಪೂ ಮಾಡಿದೆ. ಮನೆಯ ಮಾಲಕಿ "ಏ ದಾನಿ ಭಯ್ಯಾ, ಅಬ್ ತೋ ಬ್ಯಾಹ್ ಕರ್ ಲಾ" ಎಂದು ನಿನ್ನ ಮದುವೆಗೆ ಗಂಟು ಬಿದ್ದಿದ್ದಳು. ಕಳೆದ ಡಿಸೆಂಬರಿನಲ್ಲಿ ಸಭೆ ನಿನ್ನನ್ನು ಮತ್ತೆ ಸೇರಿಸಿಕೊಂಡಿತು.

ಸಭೆಗೆ ದ್ರಾಕ್ಷಾರಸ ಮಾಡುತ್ತಿದ್ದವಳು ನಾನು. ಹುಬ್ಬಳ್ಳಿಯಲ್ಲಿ ಅವ್ವ ಮಾಡುತ್ತಿದ್ದ ಕ್ರಮವೇ: ಕಪ್ಪು ಒಣದ್ರಾಕ್ಷಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ. ಭರಣಿಗೆ ಬಟ್ಟೆ ಕಟ್ಟಿ ಇಪ್ಪತ್ತೊಂದು ದಿನ ಇಡಬೇಕು. ಅದು ಹುಳಿಯುತ್ತದೆ, ಅದಕ್ಕೆ ಅಮಲು ಬರುತ್ತದೆ. ಅವ್ವ ಹಾಗೆ ಮಾಡಿದ್ದಳಾದ್ದರಿಂದ ನನಗೆ ಅದು ಹೆಂಡವೆಂದು ಎಂದೂ ಅನಿಸಿರಲಿಲ್ಲ. ನಮ್ಮ ಎರಡು ಕೋಣೆಯಲ್ಲಿ ಭರಣಿಗೆ ಇದ್ದ ಜಾಗ ಒಂದೇ, ನಿನ್ನ ಮಂಚದ ಕೆಳಗೆ. ಡಿಸೆಂಬರಿನ ಚಳಿಯಲ್ಲಿ ನೀನು ಹಾಸಿಗೆಯನ್ನು ಹೊರಗಿನ ಮೊಗಸಾಲೆಗೆ ಎಳೆದುಕೊಂಡೆ. ಯಾಕೆಂದು ಕೇಳಿದ್ದಕ್ಕೆ "ಒಳಗ ಸೆಕಿ ಆಗತೈತಿ" ಅಂದೆ. ಕಾಶಿಯ ಜನ ರಜಾಯಿ ಹೊದ್ದು ನಡುಗುತ್ತಿದ್ದರು. ನಾನು ಆ ಮಾತನ್ನು ನಂಬಿದೆ.

ಆಮೇಲೆ ನೀನು ಬಾಯಿಬಿಟ್ಟೇ ಕೇಳಿದೆ. ನಾನು ಅಕ್ಕಿ ಆರಿಸುತ್ತಿದ್ದೆ. "ಅಕ್ಕ, ಈ ಸಲ ಒಣದ್ರಾಕ್ಷಿ ಕುದಿಸಿ ಸೋಸಿಬಿಡು. ನನ್ನ ಪಾಲಿಗಷ್ಟ ಆದ್ರೂ ಸಾಕು." ಎರಡು ಪಾತ್ರೆ ಇಟ್ಟರೆ ಜನ ಏನಂದಾರು ಎಂದೆ ನಾನು. ಕ್ಷಮೆ ಸಿಕ್ಕ ಮೇಲೆ ಹೆದರಿಕೆ ಯಾಕೆ ಎಂದೆ. ಕರ್ತನ ಪಾತ್ರೆ ಯಾರನ್ನೂ ಕುಡುಕನನ್ನಾಗಿ ಮಾಡುವುದಿಲ್ಲ, ನಿನ್ನ ವಿಶ್ವಾಸ ಗಟ್ಟಿಯಿಲ್ಲ, ಎಂದೂ ಹೇಳಿದೆ. ನೀನು ಜಗಳ ಮಾಡಲಿಲ್ಲ. "ದೇವರು ಕ್ಷಮಿಸ್ಯಾನ, ಅಕ್ಕ. ನನ್ನ ನಾಲಿಗಿ ಇನ್ನೂ ಮರತಿಲ್ಲ" ಅಂದೆ. ನಾನು ಅಕ್ಕಿ ಆರಿಸುವುದನ್ನು ಮುಂದುವರಿಸಿದೆ. ಒಣದ್ರಾಕ್ಷಿ ಕುದಿಸಲು ಒಲೆಯ ಮೇಲೆ ಹತ್ತು ನಿಮಿಷ ಸಾಕಿತ್ತು.

ಕ್ರಿಸ್ಮಸ್ಸಿನ ದಿನ ಮೈಗೆ ಹುಷಾರಿಲ್ಲವೆಂದು ನೀನು ಸಭೆಯ ಗುಡಿಗೆ ಬರಲಿಲ್ಲ. ನಾಲ್ಕು ಜನ ನೀನೆಲ್ಲಿ ಎಂದು ಕೇಳಿದರು. ನನಗೆ ಅವಮಾನವಾಯಿತು. ಮಾರನೆಯ ದಿನ ಪಾದ್ರಿ ಮಸೀಹ್ ಅವರ ಮನೆಗೆ ಹೋಗಿ, ಜನವರಿಯ ಮೊದಲ ಭಾನುವಾರ ಭೋಜನದ ಮೇಜಿನ ಬಳಿ ಅವರಿಗೆ ನೆರವಾಗಲು ನಿನ್ನನ್ನೇ ನಿಲ್ಲಿಸಬೇಕೆಂದು ಕೇಳಿಕೊಂಡೆ. ನಿನ್ನನ್ನು ಎಲ್ಲರೂ ಅಲ್ಲಿ ನೋಡಬೇಕಿತ್ತು ನನಗೆ. ನೀನು ನನ್ನನ್ನು ಕೇಳಿದ್ದನ್ನು ಪಾದ್ರಿಯವರಿಗೆ ಹೇಳಲಿಲ್ಲ.

ಜನವರಿ ನಾಲ್ಕರಂದು ಮಂಜು. ರಸ್ತೆಯ ಆಚೆ ಬದಿ ಕಾಣುತ್ತಿರಲಿಲ್ಲ. ನಲವತ್ತು ಜನ ಬರುವಲ್ಲಿ ಹನ್ನೊಂದು ಜನ ಬಂದಿದ್ದರು, ನಾನು ರಸ ಕೊಟ್ಟಿದ್ದು ನಲವತ್ತು ಜನಕ್ಕೆ. ಆಶೀರ್ವದಿಸಿದ ರಸವನ್ನು ನೆಲಕ್ಕೆ ಚೆಲ್ಲುವಂತಿಲ್ಲ, ತಿರುಗಿ ಸೀಸೆಗೂ ಹಾಕುವಂತಿಲ್ಲ. ಮೇಜಿನ ಬಳಿ ನಿಂತವರು ಅಲ್ಲೇ ಕುಡಿದು ಮುಗಿಸಬೇಕು. ಇದು ನಮ್ಮ ಸಭೆಯ ರೂಢಿ, ನನಗೆ ಚೆನ್ನಾಗಿ ಗೊತ್ತಿತ್ತು. ಪಾದ್ರಿಯವರು ಎರಡು ಗುಟುಕು ಕುಡಿದು ಪಾತ್ರೆಯನ್ನು ನಿನ್ನ ಕೈಗೆ ಕೊಟ್ಟರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನೀನು ಅದನ್ನು ಹಿಡಿದುಕೊಂಡು ಮೊದಲ ಬೆಂಚಿನಲ್ಲಿದ್ದ ನನ್ನನ್ನು ನೋಡಿದೆ. ಕುಡಿ ಎಂಬಂತೆ ನಾನು ತಲೆ ಆಡಿಸಿದೆ. ನೀನು ಕುಡಿದು ಮುಗಿಸಿದೆ.

ಮಧ್ಯಾಹ್ನ ನೀನು ಎಂದಿನಂತೆ ಊಟ ಮಾಡಿದೆ. ಸೋಮವಾರ ಪಾಳಿಗೆ ಹೋದೆ. ಏನೂ ಆಗಲಿಲ್ಲವೆಂದು ನಾನು ಮನಸ್ಸಿನಲ್ಲೇ ಗೆದ್ದೆ. ಬುಧವಾರ ನೀನು ಮನೆಗೆ ಬರಲಿಲ್ಲ.

ಜನವರಿ ಕೊನೆಯಲ್ಲಿ ಒಮ್ಮೆ ನಿನ್ನನ್ನು ಕಂಡೆ. ಶಾಲೆಯ ಹುಡುಗಿಯರ ಸಾಲು ನನ್ನ ಹಿಂದಿತ್ತು. ನೀನು ಸರಾಯಿ ಠೇಕಾದ ಪಕ್ಕದಲ್ಲಿ, ಬಿಸಿಲಲ್ಲಿ, ಗಡ್ಡ ಬಿಟ್ಟುಕೊಂಡು ಕೂತಿದ್ದೆ. ಜೊತೆಗಿದ್ದ ನಮ್ಮ ಶಾಲೆಯ ರಿಕ್ಷಾದವನು, ತಮ್ಮ ಪೂರ್ತಿ ಸಾಧುವಾಗಿಬಿಟ್ಟನೆಂದು ನಕ್ಕ: "ಮಾಸ್ಟರಣೀ ಜೀ, ಭಯ್ಯಾ ತೋ ಪೂರಾ ಬಾಬಾ ಹೋ ಗಇಲನ." ನಾನು ನಿಲ್ಲುವ ಮೊದಲೇ ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ನನ್ನ ಮರ್ಯಾದೆ ಉಳಿಸಲೆಂದೇ ತಿರುಗಿಸಿದೆ. ನಾನು ಅದನ್ನು ಒಪ್ಪಿಕೊಂಡು ಮುಂದೆ ನಡೆದೆ. ಸಂಜೆ ಒಬ್ಬಳೇ ತಿರುಗಿ ಹೋದಾಗ ನೀನಿರಲಿಲ್ಲ. ಆಮೇಲೆ ಒಂಬತ್ತು ದಿನ ಹುಡುಕಿದೆ.

ಕುಡಿತ ಪಾಪವೆಂದು ನಾನು ಇವತ್ತೂ ನಂಬುತ್ತೇನೆ. ನಿನ್ನಿಂದ ನಮ್ಮ ಮನೆಯಲ್ಲಿ ಆದದ್ದನ್ನೆಲ್ಲ ಮರೆತಿಲ್ಲ. ಅವ್ವನ ಹೆಣದ ಮುಂದೆ ನೀನು ನಿಲ್ಲಲಾರದೆ ಕುಸಿದು ಬಿದ್ದದ್ದನ್ನೂ ಮರೆತಿಲ್ಲ. ಆದರೆ ಮುರಿದ ಕಾಲು ಕೂಡಿದವನ ತಲೆಯ ಮೇಲೆ ಯಾರೂ ಮರುದಿನವೇ ಮೂಟೆ ಹೊರಿಸುವುದಿಲ್ಲ. ನಾನು ಹೊರಿಸಿದೆ, ಅದನ್ನು ದೇವರ ಹೆಸರಿನಲ್ಲಿ ಮಾಡಿದೆ. ಈ ಪಾಪಕ್ಕೆ ನಮ್ಮ ಸಭೆಯಲ್ಲಿ ಹೆಸರಿಲ್ಲ, ಅದಕ್ಕಾಗಿ ಯಾರನ್ನೂ ಕೊನೆಯ ಬೆಂಚಿನಲ್ಲಿ ಕೂರಿಸುವುದಿಲ್ಲ.

ಇಂದು ನಾಲ್ಕು ಗಂಟೆಗೆ ಸಭೆಯ ಸಮಿತಿ ಸೇರಿತು. ಕುಡಿತದಲ್ಲಿ ಸತ್ತವರನ್ನು ಪ್ರಾರ್ಥನೆಯಿಲ್ಲದೆ, ಸ್ಮಶಾನದ ಗೋಡೆಯ ಬದಿಯಲ್ಲಿ, ಮಣ್ಣು ಮಾಡುವುದು ಹಳೆಯ ನಿಯಮವೆಂದು ಕಾರ್ಯದರ್ಶಿ ಓದಿದರು. ನಾನು ಎದ್ದು ನಿಂತು ಮೇಲೆ ಬರೆದಿದ್ದನ್ನೆಲ್ಲ ಹಿಂದಿಯಲ್ಲಿ ಹೇಳಿದೆ. ಭರಣಿ, ಮೊಗಸಾಲೆಯ ಹಾಸಿಗೆ, ಆಡಿಸಿದ ತಲೆ, ಯಾವುದನ್ನೂ ಬಿಡಲಿಲ್ಲ. ಕಾರ್ಯದರ್ಶಿ ಮೃದುವಾಗಿಯೇ ಹೇಳಿದರು: "ಬಹನ್ ಜೀ, ತಮ್ಮನ ಮೇಲಿನ ಪ್ರೀತಿ, ನಮಗೆ ಅರ್ಥವಾಗುತ್ತದೆ. ಅರ್ಧ ಪಾತ್ರೆಗೆ ಮನುಷ್ಯ ಕೆಡುವುದಾದರೆ ನಾವೆಲ್ಲ ಠೇಕಾದಲ್ಲೇ ಇರಬೇಕಿತ್ತು." ಒಬ್ಬಿಬ್ಬರು ನಕ್ಕರು. ಪಾದ್ರಿಯವರು ನಗಲಿಲ್ಲ. ಬೇರೆ ಮಾಡಿಕೊಡೆಂದು ಅವನು ಕೇಳಿದ್ದು ನಿಜವೇ ಎಂದರು. ನಿಜ ಅಂದೆ. "ಮುಝೇ ಕ್ಯೋಂ ನಹೀಂ ಬತಾಯಾ?" ನನಗೇಕೆ ಹೇಳಲಿಲ್ಲ, ಅಂದರು. ಆಮೇಲೆ ಅವರು ತಮ್ಮ ಎರಡು ಅಂಗೈಗಳನ್ನು ಮೇಜಿನ ಮೇಲೆ ಇಟ್ಟು, ಪಾತ್ರೆ ಕೊಟ್ಟದ್ದು ಈ ಕೈ, ಪ್ರಾರ್ಥನೆ ನಾನು ಓದುತ್ತೇನೆ, ಎಂದರು.

ಕಾರ್ಯದರ್ಶಿ ತಮ್ಮ ಅಸಮ್ಮತಿಯನ್ನು ಬರೆಸಿದರು. ಚರ್ಚಿನ ಗಂಟೆ ಹೊಡೆಯುವುದಿಲ್ಲ. ಜಾಗ ಗೋಡೆಯ ಬದಿಯಲ್ಲಲ್ಲ, ಎರಡನೆಯ ಸಾಲಿನಲ್ಲಿ. ಶಂಭುಲಿಂಗಯ್ಯನವರು ತಾವೂ ಬರಬಹುದೇ ಎಂದು ಕೇಳಿ ಕಳಿಸಿದ್ದರು. ಬನ್ನಿ ಎಂದು ಹೇಳಿ ಕಳಿಸಿದ್ದೇನೆ.

ನಾನು ಕೊಡದ ವಿಶ್ರಾಂತಿಯನ್ನು ಕರ್ತನು ನಿನಗೆ ಕೊಡಲಿ, ತಮ್ಮಾ. ಮಣ್ಣು ನಾಳೆ ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ನಿನ್ನ ಅಕ್ಕ,
ದಯಾವತಿ