ಇನ್ನೂರು ಖಾಲಿ ಕುರ್ಚಿಗಳ ಆಚೆಗೆ ನಮ್ಮ ದೊಡ್ಡವ್ವ

ಸಂಕ್ರಮಣ ಸಂಗಮ ಉತ್ಸವದ ಮಾನ್ಯ ವಿಶೇಷಾಧಿಕಾರಿಗಳೇ,

ಕಳೆದ ಸಂಕ್ರಮಣದ ದಿನ ಕಲಗಡ್ಡಿಯ ಹೊಳೆದಂಡೆಯಲ್ಲಿ ನೀವು ನನ್ನ ಎಪ್ಪತ್ತಾರು ವರ್ಷದ ತಾಯಿಯನ್ನು ಮುಂಜಾನೆ ಹತ್ತೂವರೆಯಿಂದ ಸಂಜೆ ಐದರವರೆಗೆ ಕೂಡಿಹಾಕಿದಿರಿ. ಆಕೆ ಮಾಡಿದ ಅಪರಾಧವೆಂದರೆ ಅಕ್ಕನನ್ನು ನೋಡಲು ಬಂದದ್ದು. ಕೂಡಿಹಾಕುವುದು ಎಂಬ ಮಾತು ತಮ್ಮ ಕಿವಿಗೆ ಒರಟಾಗಿ ಕೇಳಿಸೀತು. ತಮ್ಮ ಫಲಕದಲ್ಲಿ ಅದನ್ನೇ 'ಜನಸಂದಣಿ ನಿರ್ವಹಣೆ' ಎಂದು ಚೆಂದವಾಗಿ ಬರೆಸಿದ್ದಿರಿ. ದನಗಳಿಗೆ ಹೀಗೆ ಮಾಡಿದರೆ ನಮ್ಮ ಕಡೆ ಕೊಂಡವಾಡಕ್ಕೆ ಹಾಕಿದರು ಎನ್ನುತ್ತೇವೆ. ಅಲ್ಲಿ ದನಕ್ಕೆ ಒಂದು ಹಿಡಿ ಕಣಿಕೆಯನ್ನಾದರೂ ಹಾಕುತ್ತಾರೆ.

ಹನ್ನೊಂದು ತಿಂಗಳು ಸುಮ್ಮನಿದ್ದು ಈಗೇಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ಮೊನ್ನೆ ಬನಹಟ್ಟಿಯ ಬಸ್ ನಿಲ್ದಾಣದೆದುರು ಈ ವರ್ಷದ ಉತ್ಸವದ ಬ್ಯಾನರ್ ಕಂಡೆ. 'ಇನ್ನಷ್ಟು ವೈಭವದಿಂದ' ಎಂದಿತ್ತು. ಗಣ್ಯರಿಗೆ ಐದುನೂರು ಆಸನಗಳು, ಜಮಖಂಡಿ ಮತ್ತು ರಬಕವಿ-ಬನಹಟ್ಟಿಯವರಿಗೆ ಮೇಲಿನ ದ್ವಾರ, ಬೀಳಗಿ ತಾಲೂಕಿನವರಿಗೆ ಕೆಳಗಿನ ದ್ವಾರ, ಆಧಾರ್ ಕಾರ್ಡಿನ ವಿಳಾಸ ನೋಡಿಯೇ ಪ್ರವೇಶ. ಅದನ್ನು ಓದಿ ಮನೆಗೆ ಬಂದವಳೇ ಮಗ್ಗ ನಿಲ್ಲಿಸಿ ಪೆನ್ನು ಹಿಡಿದೆ. ನಮ್ಮ ಓಣಿಯ ನೀರಿನ ಅರ್ಜಿ, ಕರೆಂಟಿನ ಅರ್ಜಿಗಳನ್ನೆಲ್ಲ ಬರೆಯುವವಳು ನಾನೇ. ಅವುಗಳಿಗೆ ಬರದ ಉತ್ತರ ಇದಕ್ಕೆ ಬಂದೀತೆಂಬ ಭ್ರಮೆ ನನಗಿಲ್ಲ, ಅದಕ್ಕೇ ಊರೆಲ್ಲ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಲಗಡ್ಡಿ ತಾವು ಕಂಡುಹಿಡಿದ ಪ್ರವಾಸಿ ತಾಣವಲ್ಲ. ನಾನು ಚಿಕ್ಕವಳಿದ್ದಾಗಲೂ ಸಂಕ್ರಮಣದ ಸೂಟಿ ಬಂತೆಂದರೆ ಮುಧೋಳ, ಜಮಖಂಡಿ, ಅತ್ತ ಸಾಂಗ್ಲಿ ಮೀರಜದಿಂದಲೂ ಜನ ಬಂದು ಆ ಪುಟ್ಟ ಪೇಟೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಎಳ್ಳು-ಅರಿಷಿಣ ಮೈಗೆ ಹಚ್ಚಿಕೊಂಡು ಕೃಷ್ಣೆಯಲ್ಲಿ ಮುಳುಗೆದ್ದು, ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಉಂಡು, ಆಮೇಲೆ ಪೇಟೆ ಸುತ್ತುವುದು. ಫೋಟೋ ಸ್ಟುಡಿಯೋದಲ್ಲಿ ರಟ್ಟಿನ ವಿಮಾನವಿತ್ತು. ಅದರ ಕಿಟಕಿಯಲ್ಲಿ ತಲೆ ತೂರಿಸಿ ನಾನು ತೆಗೆಸಿಕೊಂಡ ಫೋಟೋ ಇಂದಿಗೂ ಮನೆಯಲ್ಲಿದೆ. ಬಳೆ ಅಂಗಡಿ, ಗಿರಮಿಟ್ಟಿನ ಗಾಡಿ, ಗಾಣಗಳಿಂದ ಬರುವ ಬಿಸಿ ಬೆಲ್ಲದ ವಾಸನೆ. ಇಷ್ಟೆಲ್ಲ ಜನರಿದ್ದರೂ ಯಾರೂ ಯಾರನ್ನೂ ನಿರ್ವಹಿಸುತ್ತಿರಲಿಲ್ಲ. ಕಳೆದುಹೋದ ಮಕ್ಕಳು ಸಂಜೆಯೊಳಗೆ ಹೇಗೋ ತಮ್ಮ ತಮ್ಮ ತಾಯಂದಿರನ್ನು ಸೇರುತ್ತಿದ್ದವು.

ನಮ್ಮ ಮನೆಯವರಿಗೆ ಅಲ್ಲಿಗೆ ಹೋಗಲು ಇನ್ನೂ ಒಂದು ಕಾರಣವಿತ್ತು. ನನ್ನ ತಾಯಿ ಸಾತವ್ವನನ್ನು ರಬಕವಿಗೆ, ಆಕೆಯ ಅಕ್ಕ ಸಾವಿತ್ರೆವ್ವನನ್ನು ಗಲಗಲಿಗೆ ಕೊಟ್ಟಿದ್ದರು. ನಾನು ಹುಟ್ಟುವ ಮೊದಲೇ ಯಾರದೋ ಮದುವೆಯ ಲಗ್ನಪತ್ರಿಕೆಯಲ್ಲಿ ನನ್ನ ಅಪ್ಪನ ಹೆಸರು ಬಿಟ್ಟುಹೋಯಿತು. ಬಿಡಿಸಿದವನು ನೀನೇ ಎಂದು ಅಪ್ಪ ದೊಡ್ಡಪ್ಪನ ಮೇಲೆ ಹರಿಹಾಯ್ದ. ಮಾತಿಗೆ ಮಾತು ಬೆಳೆದು ಇಬ್ಬರೂ ಲಿಂಗ ಮುಟ್ಟಿ ಆಣೆ ಮಾಡಿದರು: ಇವರ ಮನೆಯವರು ಅವರ ಹೊಸ್ತಿಲು ತುಳಿಯುವಂತಿಲ್ಲ, ಅವರ ಮನೆಯವರು ಇವರ ಹೊಸ್ತಿಲು ತುಳಿಯುವಂತಿಲ್ಲ, ಮುಂದೆ ಮಕ್ಕಳು ಕಟ್ಟುವ ಮನೆಗಳೂ ಸೇರಿ. ಆದರೆ ಹೊಳೆಗೆ ಹೊಸ್ತಿಲಿಲ್ಲವಲ್ಲ! ಅಕ್ಕ-ತಂಗಿ ಸಂಕ್ರಮಣಕ್ಕೆ ಕಲಗಡ್ಡಿಯಲ್ಲಿ ಭೇಟಿಯಾಗತೊಡಗಿದರು. ರಬಕವಿ ಕಡೆಯವರು ಇಳಿಯುವುದು ಮೇಲಿನ ಸ್ನಾನಘಾಟಿನಲ್ಲಿ, ಗಲಗಲಿ ಕಡೆಯವರು ಕೆಳಗಿನ ಘಾಟಿನಲ್ಲಿ. ಒಂದು ವರ್ಷ ಅವ್ವ ಕೆಳಗೆ ನಡೆದು ಹೋಗುವುದು, ಮರುವರ್ಷ ದೊಡ್ಡವ್ವ ಮೇಲೆ ಬರುವುದು, ಹೀಗೆ ಪಾಳಿ. ಅಕ್ಕ ತಂಗಿಯ ಬಾಯಿಗೆ, ತಂಗಿ ಅಕ್ಕನ ಬಾಯಿಗೆ ಮೊದಲ ತುತ್ತು ಇಟ್ಟ ಮೇಲೆಯೇ ಉಳಿದವರ ಊಟ.

ಅಪ್ಪ, ದೊಡ್ಡಪ್ಪ ಇಬ್ಬರೂ ಈಗಿಲ್ಲ. ಹಾಗಾದರೆ ಬಸ್ಸು ಹತ್ತಿ ನೇರ ಮನೆಗೇ ಹೋಗಬಹುದಿತ್ತಲ್ಲ ಎಂದು ತಾವು ಕೇಳುವ ಮೊದಲೇ ನಾನು ಅವ್ವನನ್ನು ಕೇಳಿದ್ದೇನೆ. "ಆಣಿ ಇಟ್ಟವ್ರು ಹೋದ್ರು ಖರೆ. ಹೊಳ್ಳಿ ತಗೋಬೇಕಾದವ್ರೂ ಅವರಽ ಅಲ್ಲೇನು? ನಾ ಯಾರು ಮುರಿಯಾಕ?" ಎಂದಳು. ಈ ತರ್ಕವನ್ನು ಸೋಲಿಸುವ ವಕೀಲರು ತಮ್ಮ ಕಚೇರಿಯಲ್ಲಿದ್ದರೆ ಕಳುಹಿಸಿಕೊಡಿ.

ಮಹಾಪೂರ ಬಂತು, ಕೊರೊನಾ ಬಂತು, ದೊಡ್ಡವ್ವ ಬಿದ್ದು ಸೊಂಟ ಮುರಿದುಕೊಂಡಳು. ಐದು ವರ್ಷ ಭೇಟಿ ತಪ್ಪಿತು. ಅಷ್ಟರಲ್ಲಿ ಮೀರಜದ ವೈದ್ಯರು ದೊಡ್ಡವ್ವನ ಕಣ್ಣಿನ ನರಗಳು ಬತ್ತುತ್ತಿವೆ, ವರ್ಷದೊಳಗೆ ಪೂರ್ತಿ ಹೋಗುತ್ತವೆ ಎಂದರು. ಆಕೆಯ ಮಗ ಗಿರಿಮಲ್ಲಪ್ಪ ನನಗೆ ಫೋನ್ ಮಾಡಿ, "ಅಕ್ಕಾ, ಕಣ್ಣು ಇರೂದ್ರಾಗ ಒಮ್ಮೆ ತಂಗಿ ಮಾರಿ ನೋಡ್ತೀನಿ ಅಂತ ಅವ್ವ ಹಠ ಹಿಡದಾಳ. ಸಂಕ್ರಮಣಕ್ಕ ಕರಕೊಂಡ್ ಬರ್ತೀನಿ" ಎಂದ. ಮದುವೆಯಾದ ಮೇಲೆ ನಾನು ಕಲಗಡ್ಡಿಯ ಮುಖ ನೋಡಿರಲಿಲ್ಲ. ಇಪ್ಪತ್ತೆಂಟು ವರ್ಷಗಳ ನಂತರ ನಾನೂ ಹೊರಟೆ. ಅವ್ವ ತನಗೊಂದು ಸೀರೆ ನೇಯಿಸಿಕೊಂಡಳು. "ಅಕ್ಕಗ ದೂರಿಂದ ಕಾಣೂ ಬಣ್ಣ ಹಾಕು" ಎಂದಿದ್ದಳು. ಕೆಂಪು ಮೆಣಸಿನಕಾಯಿ ಬಣ್ಣದ ಮೈ, ಅರಿಷಿಣದ ದಡಿ. ನನ್ನ ಮಗ್ಗದಿಂದ ಅಂಥ ಗಾಢ ಬಣ್ಣದ ಸೀರೆ ಇನ್ನೊಂದು ಇಳಿದಿಲ್ಲ.

ದಾರಿಯಲ್ಲಿ ಅವ್ವ, "ಈ ಸರ್ತಿ ಪಾಳಿ ನಂದಽ ಐತಿ, ಕೆಳಗಿನ ಘಾಟಿಗೇ ಹೋಗೂಣು. ಆ ಸೊಂಟ ಹಿಡಕೊಂಡು ಅಕಿ ಯಾಕ ನಡೀಬೇಕು?" ಎಂದಳು. ನಾನು ಗಾಡಿಯನ್ನು ಕೆಳಗಿನ ಕಡೆಗೇ ತಿರುಗಿಸಿದೆ. ಅಲ್ಲಿ ತಮ್ಮ ಕಮಾನು, ಕಮಾನಿನ ಕೆಳಗೆ ತಮ್ಮ ದ್ವಾರ. ಕೈಗೆ ನೀರಿಗೆ ಕರಗದ ಹಸಿರು ಕಾಗದದ ಪಟ್ಟಿ ಕಟ್ಟಿದರು. ಕೆಳಗಿನ ಘಾಟಿಗೆ ಹಸಿರು, ಮೇಲಿನ ಘಾಟಿಗೆ ಹಳದಿ. ಅದಾದ ಮೇಲೆ ಹೋಂಗಾರ್ಡ್ ಒಬ್ಬರು ಬುತ್ತಿಯ ಮೇಲೆ ಕೈ ಇಟ್ಟರು. ಅವರನ್ನು ಇಲ್ಲಿ ಕಾಮಣ್ಣ ಎನ್ನುತ್ತೇನೆ. ಹೆಸರು ಬದಲಿಸಿದ್ದೇನೆ, ಹುಡುಕುವ ಶ್ರಮ ತೆಗೆದುಕೊಳ್ಳಬೇಡಿ.

"ಹೊರಗಿನ ತಿಂಡಿ ಒಳಗ ಬಿಡಾಂಗಿಲ್ರಿ ಅಕ್ಕಾರ. ಆರ್ಡರ್ ಐತ್ರಿ."

"ಬುತ್ತಿ ಇಲ್ಲದ ಸಂಕ್ರಮಣ ಯಾವ ಪಂಚಾಂಗದಾಗ ಬರದೈತೋ ತಮ್ಮಾ?" ಎಂದಳು ಅವ್ವ.

ಆ ಮನುಷ್ಯ ತಲೆ ತಗ್ಗಿಸಿದ. "ನಮ್ಮ ಮನಿಯವರೂ ಬುತ್ತಿ ಕಟ್ಟಿಕೊಂಡು ಬಂದಿದ್ರು ಯವ್ವಾ. ಅವರದನ್ನೂ ನಾನಽ ಇಸಗೊಂಡೇನಿ. ನೋಡ್ರಿ, ಅಕಾ ಅಲ್ಲೈತಿ."

ಕಮಾನಿನ ಹಿಂದೆ ನೂರಾರು ಡಬ್ಬಿ, ಗಂಟುಗಳ ರಾಶಿಯಿತ್ತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿ, ಅಗಸಿ ಹಿಂಡಿ. ಮೂರು ತಾಲೂಕುಗಳ ಹೆಣ್ಣುಮಕ್ಕಳು ಕೋಳಿ ಕೂಗುವ ಮೊದಲು ಎದ್ದು ಮಾಡಿದ್ದೆಲ್ಲ ಅಲ್ಲಿ ಬಿಸಿಲು ಕಾಯುತ್ತಿತ್ತು. ಒಳಗಿನ ಮಳಿಗೆಗಳಲ್ಲಿ 'ಉತ್ತರ ಕರ್ನಾಟಕದ ಸಾಂಪ್ರದಾಯಿಕ ಬುತ್ತಿ' ಮಾರಾಟಕ್ಕಿತ್ತು. ಅದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಗಾದೆಯನ್ನು ಕಟ್ಟಿದವನು ತಮ್ಮ ಉತ್ಸವಕ್ಕೆ ಬಂದಿದ್ದನೇ?

ಘಾಟಿನ ಮೇಲೆಲ್ಲ ಹುಡುಕಿದೆವು, ದೊಡ್ಡವ್ವನಿಲ್ಲ. ಜನ ಹೆಚ್ಚಾಗಿ ಫೋನ್ ಹತ್ತುತ್ತಿರಲಿಲ್ಲ. ಇಪ್ಪತ್ತನೆಯ ಸಲವೋ ಏನೋ ಗಿರಿಮಲ್ಲಪ್ಪನ ದನಿ ಕೇಳಿಸಿತು.

"ಎಲ್ಲದೀರಿ ಅಕ್ಕಾ?"

"ನಿಮ್ಮ ಘಾಟಿನ್ಯಾಗ."

"ಅಯ್ಯ ಶಿವನ! ನಾವು ನಿಮ್ಮ ಘಾಟಿನ್ಯಾಗ ಅದೇವಿ. ಈ ವರ್ಷ ಪಾಳಿ ನಂದಽ ಅಂತ ಅವ್ವ ಎಳಕೊಂಡ್ ಬಂದ್ಳು."

ಐದು ವರ್ಷ ಬಿಟ್ಟುಹೋಗಿ ಪಾಳಿ ಯಾರದೆಂದು ಇಬ್ಬರಿಗೂ ಮರೆತಿತ್ತು. ಇನ್ನೊಬ್ಬಳು ನಡೆಯಬಾರದೆಂದು ಇಬ್ಬರೂ ನಡೆದಿದ್ದರು. ಇದು ನಮ್ಮ ತಪ್ಪು, ಒಪ್ಪಿದೆ. ಹಳೆಯ ಕಲಗಡ್ಡಿಯಲ್ಲಾಗಿದ್ದರೆ ಇದು ಐದು ನಿಮಿಷದ ತಪ್ಪು, ಮುಂದೆ ವರ್ಷಗಟ್ಟಲೆ ನಗಲು ಒಂದು ಕತೆ. ತಾವು ಎರಡೂ ಘಾಟುಗಳ ನಡುವೆ ಬಿದಿರಿನ ಕಟಕಟೆ ಕಟ್ಟಿ, ಅದರೊಳಗೆ ಗಣ್ಯರಿಗಾಗಿ ಬಿಳಿ ಬಟ್ಟೆ ತೊಡಿಸಿದ ಇನ್ನೂರು ಕುರ್ಚಿ ಹಾಕಿಸಿದ್ದಿರಿ. ಹೊರಗೆ ಹೋಗಿ ಮೇಲಿನ ದ್ವಾರದಿಂದ ಬರುತ್ತೇವೆಂದರೆ ಹೊರದ್ವಾರಕ್ಕೆ ಬೀಗ. ಗಣ್ಯರ ವಾಹನಗಳಿಗಾಗಿ ರಸ್ತೆ ಖಾಲಿ ಇರಿಸಲಾಗಿದೆ, ಉದ್ಘಾಟನೆ ಆಗುವವರೆಗೆ ಯಾರೂ ಹೊರಬೀಳುವಂತಿಲ್ಲ ಎಂದರು. ಹನ್ನೊಂದಕ್ಕೆ ಬರಬೇಕಾದ ಗಣ್ಯರು ಬಂದದ್ದು ನಾಲ್ಕೂವರೆಗೆ. ಅಲ್ಲಿಯವರೆಗೆ ಆ ಕುರ್ಚಿಗಳ ಮೇಲೆ ಒಂದು ಕಾಗೆಯೂ ಕೂರಲಿಲ್ಲ.

ಅವ್ವ ಮೇಲಿನ ಮೆಟ್ಟಿಲು ಹತ್ತಿ ನಿಂತಳು. ಕುರ್ಚಿಗಳ ಆಚೆ, ಮೇಲಿನ ಘಾಟಿನ ಕಟ್ಟೆಯ ಮೇಲೆ, ಗಿರಿಮಲ್ಲಪ್ಪನ ಪಕ್ಕದಲ್ಲಿ ದೊಡ್ಡವ್ವ ಕುಳಿತಿದ್ದಳು. ಅವ್ವ ಸೆರಗು ಬೀಸಿದಳು, "ಅಕ್ಕಾ" ಎಂದು ಕೂಗಿದಳು. ಧ್ವನಿವರ್ಧಕದಲ್ಲಿ ಉತ್ಸವ ಗೀತೆ ನಡೆದಿತ್ತು. ಗಿರಿಮಲ್ಲಪ್ಪ ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮತ್ತ ತಿರುಗಿಸಿದ. ನಡುಮಧ್ಯಾಹ್ನದ ಬಿಸಿಲು, ಇನ್ನೂರು ಬಿಳಿ ಕುರ್ಚಿಗಳ ಝಳಪು.

"ಈ ಕಡೆನಽ ನೋಡಾಕತ್ತಾಳ," ಎಂದಳು ಅವ್ವ. "ಕಾಣವಲ್ದು ಅಕೀಗೆ."

ಸೆರಗು ಬೀಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ. ವೇದಿಕೆಯ ಬಳಿ ಹೋಗಿ ಮೈಕಿನವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ರಬಕವಿಯ ಸಾತವ್ವ ಎಂಬ ವೃದ್ಧೆ ಕಳೆದುಹೋಗಿದ್ದು, ಸಂಬಂಧಪಟ್ಟವರು ಸಂಪರ್ಕಿಸಬೇಕು" ಎಂದು ಮೂರು ಸಲ ಸಾರಿದರು. ಅವ್ವ ಕೆರಳಿದಳು. "ನಾ ಯಾಕ ಕಳೀಲಿ? ನಿಂದ್ರಿಸಿದ ಜಾಗಾದಾಗ ನಿಂತೇನಿ!"

ಮೂರು ಗಂಟೆಯಾದರೂ ಅವ್ವನ ಬಾಯಿಗೆ ಒಂದು ಅಗುಳು ಬಿದ್ದಿರಲಿಲ್ಲ. ಸಕ್ಕರೆ ರೋಗಕ್ಕೆ ಮುಂಜಾನೆಯೇ ಗುಳಿಗೆ ನುಂಗಿದ್ದಾಳೆ, ಈಗ ಬೆವೆತು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದಾಳೆ. ಮಳಿಗೆಯ ತಿಂಡಿ ತಂದರೆ ಮುಟ್ಟಲಿಲ್ಲ. ಅಕ್ಕನ ತುತ್ತಿಲ್ಲದೆ ಸಂಕ್ರಮಣದ ದಿನ ಉಂಡವಳಲ್ಲ. ನಾನು ಹೆದರಿದೆ. ಆಗ, ನಮ್ಮ ಕತೆಯನ್ನೆಲ್ಲ ಕೇಳಿಸಿಕೊಂಡಿದ್ದ ಕಾಮಣ್ಣ ರಾಶಿಯಲ್ಲಿ ನಮ್ಮ ಡಬ್ಬಿ ಹುಡುಕಿ ಒಂದು ಶೇಂಗಾ ಹೋಳಿಗೆಯನ್ನು ತನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡ. ಕುರ್ಚಿಗಳ ನಡುವೆ ನಡೆಯುವ ಅಧಿಕಾರ ಅವನ ಸಮವಸ್ತ್ರಕ್ಕಿತ್ತು. ಸಾಲು ಸರಿಪಡಿಸುವವನಂತೆ ಒಂದೊಂದೇ ಕುರ್ಚಿ ಮುಟ್ಟುತ್ತ ಆಚೆಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಹಾಗೆಯೇ ಮರಳಿ ಬಂದ. ಕರವಸ್ತ್ರದಲ್ಲಿ ಅರ್ಧ ಹೋಳಿಗೆಯಿತ್ತು.

"ಕೈಗೆ ಕೊಟ್ಟ ಕೂಡ್ಲೇ ಮೂಸಿ ನೋಡಿ, ನಮ್ಮ ಸಾತೀದು, ಯಾಲಕ್ಕಿ ಹೆಚ್ಚಾಗೈತಿ ಅಂದ್ರು ಯವ್ವಾ. ಅರ್ಧಾ ಮುರದು, ಇದು ಅಕಿ ಬಾಯಿಗೆ ಇಡಪಾ ಅಂದ್ರು." ಅಷ್ಟು ಹೇಳಿ ಆ ದೊಡ್ಡ ಮೀಸೆಯ ಮನುಷ್ಯ ನಿಜಕ್ಕೂ ಅವ್ವನ ಬಾಯಿಗೇ ತುತ್ತು ಇಟ್ಟ. ಮರುಕ್ಷಣವೇ ತಮ್ಮ ಮೇಲ್ವಿಚಾರಕರು ಕೂಗುತ್ತ ಬಂದು ಅವನನ್ನು ಅಲ್ಲಿಂದ ಎಬ್ಬಿಸಿದರು. ತಮ್ಮ ಇಡೀ ಉತ್ಸವದಲ್ಲಿ ಸಂಗಮ ಎನ್ನುವಂಥದ್ದು ನಡೆದದ್ದು ಅದೊಂದೇ, ಅದೂ ನಿಯಮಬಾಹಿರವಾಗಿ.

ಗಣ್ಯರು ಬಂದರು. ಸಂಬಂಧಗಳನ್ನು ಬೆಸೆಯುವ ಕೃಷ್ಣೆ ಎಂದು ಒಂಬತ್ತು ನಿಮಿಷ ಮಾತಾಡಿದರು, ಹೋದರು. ಐದಕ್ಕೆ ಬೀಗ ತೆಗೆದಾಗ ಕೆಳಗಿನವರನ್ನೆಲ್ಲ ಬೀಳಗಿ ರಸ್ತೆಗೆ, ಮೇಲಿನವರನ್ನೆಲ್ಲ ಬನಹಟ್ಟಿ ರಸ್ತೆಗೆ ತಳ್ಳಿದರು. ಮುಂಜಾನೆಯಿಂದ ತಡೆದು ನಿಲ್ಲಿಸಿದ್ದ ಕಬ್ಬಿನ ಟ್ರ್ಯಾಕ್ಟರುಗಳನ್ನೂ ಅದೇ ಗಳಿಗೆಗೆ ಬಿಟ್ಟರು. ನಾವು ಅವರ ಊರಿನ ದಾರಿಯಲ್ಲಿ, ಅವರು ನಮ್ಮ ಊರಿನ ದಾರಿಯಲ್ಲಿ, ಹಿಂದೆ ಮುಂದೆ ಕಬ್ಬು. ತಿರುಗಿಸಲು ಜಾಗವಿಲ್ಲ. ದೊಡ್ಡವ್ವನಿಗೆ ಸೊಂಟನೋವು ತಡೆಯಲಾಗದೆ ಗಿರಿಮಲ್ಲಪ್ಪ ಸುತ್ತುದಾರಿ ಹಿಡಿದು ಊರಿಗೆ ಹೋದ. ದಾರಿಯಲ್ಲಿ ಒಮ್ಮೆ ಫೋನ್ ಹತ್ತಿತು.

"ಪಾಳಿ ಯಾರದಿತ್ತ ಬೇ?" ಎಂದಳು ದೊಡ್ಡವ್ವ.

"ನಂದಽ ಇತ್ತು."

"ಸುಳ್ಳ ಹೇಳಬ್ಯಾಡ, ನಂದಿತ್ತು. ಯಾವ ಸೀರಿ ಉಟ್ಟಿದ್ದಿ?"

"ಕೆಂಪಂದು. ಅರಿಷಿಣ ದಡಿ."

"ಛಲೋ ಕಾಣ್ತಿತ್ತು," ಎಂದಳು ದೊಡ್ಡವ್ವ.

ಅವ್ವ ಫೋನನ್ನು ನನ್ನ ಕೈಗೆ ಕೊಟ್ಟು ಕಿಟಕಿಯತ್ತ ಮುಖ ತಿರುಗಿಸಿದಳು. ಶಿವರಾತ್ರಿಯ ಹೊತ್ತಿಗೆ ದೊಡ್ಡವ್ವನ ಕಣ್ಣು ಪೂರ್ತಿ ಹೋದವು.

ಮಾನ್ಯರೇ, ಕಣ್ಣು ತೆಗೆದವರು ತಾವೆಂದು ನಾನು ಹೇಳುತ್ತಿಲ್ಲ. ಅವು ಹೋಗುವವೇ ಇದ್ದವು. ಅವು ಇದ್ದ ಕೊನೆಯ ಸಂಕ್ರಮಣವನ್ನು ಮಾತ್ರ ತಾವು ಕುರ್ಚಿಗಳಿಗೆ ಕೊಟ್ಟಿರಿ. ಆ ದಿನವನ್ನು ಮರಳಿ ಕೊಡುವ ಅಧಿಕಾರ ಯಾವ ಕಚೇರಿಗೂ ಇಲ್ಲವೆಂದು ನನಗೆ ಗೊತ್ತು, ಆದ್ದರಿಂದ ಅದನ್ನು ಕೇಳುವುದಿಲ್ಲ. ಕುರ್ಚಿ ಐದುನೂರಲ್ಲ, ಸಾವಿರ ಹಾಕಿಸಿ. ಆಧಾರ್ ನೋಡಿ ಅವ್ವನನ್ನು ಮೇಲಿನ ಘಾಟಿಗೆ, ದೊಡ್ಡವ್ವನನ್ನು ಕೆಳಗಿನ ಘಾಟಿಗೆ ಕಳುಹಿಸಿ. ಬುತ್ತಿಯನ್ನು ಒಳಗೆ ಬಿಡಿ, ಮತ್ತು ಆ ಕುರ್ಚಿಗಳ ನಡುವೆ ಒಂದು ದಾರಿ ಬಿಡಿ, ಒಬ್ಬ ಮುದುಕಿ ಗೋಡೆ ಹಿಡಿದಂತೆ ಕುರ್ಚಿ ಹಿಡಿದು ನಡೆದು ಹೋಗುವಷ್ಟು. ಈ ಸಲ ಪಾಳಿ ಅವ್ವನದು. ದೊಡ್ಡವ್ವ ಕೂತಲ್ಲಿಂದ ಏಳುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾಳೆ. ಕೆಂಪು ಸೀರೆಯಿಂದ ಈಗ ಆಕೆಗೆ ಆಗಬೇಕಾದ್ದೇನೂ ಇಲ್ಲ. ತಂಗಿಯ ಮುಖವನ್ನು ಇನ್ನು ಆಕೆ ಕೈಯಿಂದ ಮುಟ್ಟಿಯೇ ನೋಡಬೇಕು, ಆ ಕೈ ಐದುನೂರು ಕುರ್ಚಿಗಳಷ್ಟು ಉದ್ದವಿಲ್ಲ.

ಇಂತಿ,
ಹಸಿರು ಪಟ್ಟಿಯ ಸಾತವ್ವನ ಮಗಳು, ರಬಕವಿಯ ನೇಕಾರ್ತಿ
ದಾನೇಶ್ವರಿ

ಮರೆತಿದ್ದೆ: ಆ ಪಟ್ಟಿಯನ್ನು ಅವ್ವ ಇನ್ನೂ ಕೈಯಿಂದ ಬಿಚ್ಚಿಲ್ಲ. ಹರಿದಲ್ಲೆಲ್ಲ ಮಗ್ಗದ ನೂಲು ಸುತ್ತಿಕೊಂಡಿದ್ದಾಳೆ. ಕತ್ತರಿ ತಂದರೆ, "ಇರ್ಲಿ ಬಿಡು, ಇದು ಅಕ್ಕನ ಘಾಟಿಂದು" ಎನ್ನುತ್ತಾಳೆ.