ನನ್ನ ಹೆಸರಿನಲ್ಲಿ ಸತ್ತವಳಿಗೆ

ಗುಬ್ಬಿ,

ಹಾಸ್ಟೆಲ್ಲಿನಲ್ಲಿ ನಾನಿಟ್ಟ ಹೆಸರು ಹಿಡಿದೇ ಕರೆಯುತ್ತಿದ್ದೇನೆ. ಬೇರೆ ಹೆಸರು ಬಾಯಿಗೆ ಬರುತ್ತಿಲ್ಲ.

ನರ್ಸಿಂಗ್ ಓದುವಾಗ ಒಂದೇ ಕೋಣೆ, ಅಕ್ಕಪಕ್ಕದ ಮಂಚ ನಮ್ಮದು. ಕೊನೆಯ ಪರೀಕ್ಷೆಯ ಹೊತ್ತಿಗೆ ನಿಮ್ಮಪ್ಪ ಹಾಸಿಗೆ ಹಿಡಿದರು. ಅವರ ಆರೈಕೆಗೆಂದು ಹೋದವಳು ಪರೀಕ್ಷೆಗೆ ಕೂರಲೇ ಇಲ್ಲ. ಅವರು ತೀರಿಕೊಂಡ ಮೇಲೆ ನೀನು ಒಮ್ಮೆ ನಮ್ಮ ಮನೆಗೆ ಬಂದು ಎರಡು ದಿನ ಇದ್ದೆ. ನನ್ನ ಮಗಳಿಗೆ ಜಡೆ ಹಾಕಿದೆ, ಹೊರಡುವಾಗ ನನ್ನನ್ನು ತಬ್ಬಿಕೊಂಡು ಅತ್ತೆ. ಬೀರುವಿನಲ್ಲಿದ್ದ ನನ್ನ ಪ್ರಮಾಣಪತ್ರಗಳ, ಗುರುತಿನ ಚೀಟಿಯ ನಕಲು ಆಗಲೇ ನಿನ್ನ ಚೀಲ ಸೇರಿತ್ತೆಂದು ನನಗೆ ತಿಳಿದದ್ದು ಈ ವರ್ಷ.

ಬ್ಯಾಂಕಿನ ಹುಡುಗಿ ಒಮ್ಮೆ ಕಂಪ್ಯೂಟರನ್ನೂ ಒಮ್ಮೆ ನನ್ನನ್ನೂ ನೋಡಿ, "ಮೇಡಂ, ಇದ್ರಲ್ಲಿ ನೀವು ತೀರ್ಕೊಂಡಿದ್ದೀರಿ ಅಂತಿದೆ" ಅಂದಳು. ಮನೆಯಲ್ಲಿ ನನ್ನವರು ಬಿದ್ದು ಬಿದ್ದು ನಕ್ಕರು. "ಅದಕ್ಕೇ ಬೆಳಗ್ಗೆಯಿಂದ ಬೈಗುಳ ಕೇಳಿಸ್ಲಿಲ್ಲ!" ಆದರೆ ಸಂಬಳ ನಿಂತಿತು, ನರ್ಸ್ ನೋಂದಣಿ ರದ್ದಾಯಿತು. ನಗು ಅಲ್ಲಿಗೇ ಮುಗಿಯಿತು.

ಠಾಣೆಯಲ್ಲಿ, "ಜೀವಂತ ಇದ್ದೀರಲ್ಲಮ್ಮ, ಇನ್ನೇನು ದೂರು?" ಎಂದು ಸಾಗಹಾಕಿದರು. ಪಕ್ಕದ ಮನೆಯ ವಕೀಲೆ ಕೇಳಿ ಕೆಂಡವಾದಳು. "ಅಕ್ಕಾ, ದೂರು ತಗೊಳ್ಳೋದು ಅವರು ಮಾಡೋ ಉಪಕಾರ ಅಲ್ಲ, ನಿಮ್ಮ ಹಕ್ಕು. ಅದರ ಪ್ರತಿ ಕೈಗೆ ಬರೋವರೆಗೂ ಕುರ್ಚಿ ಬಿಟ್ಟು ಏಳ್ಬೇಡಿ." ನಾನು ಏಳಲಿಲ್ಲ. ಆ ಪ್ರತಿಯನ್ನು ಲಗತ್ತಿಸಿ ಬ್ಯಾಂಕಿಗೆ, ನರ್ಸಿಂಗ್ ಮಂಡಳಿಗೆ, ಜನನ ಮರಣ ಕಚೇರಿಗೆ ಬರೆದುಕೊಟ್ಟೆ: ನನ್ನ ಹೆಸರಿನಲ್ಲಿ ಇನ್ನು ಹೊಸದೇನೂ ತೆರೆಯಬೇಡಿ, ಈಗಾಗಲೇ ತೆರೆದದ್ದರ ದಾಖಲೆ ತೋರಿಸಿ, ತಪ್ಪನ್ನು ತಿದ್ದಿ. ಬೇರೊಬ್ಬರು ಮಾಡಿದ್ದಕ್ಕೆ ನಾನು ಹೊಣೆಯಲ್ಲವೆಂದು ವಕೀಲೆ ಧೈರ್ಯ ತುಂಬಿದಳು. ನಾನೋ, ಕಳ್ಳಿ ಕೈಗೆ ಸಿಕ್ಕರೆ ಚರ್ಮ ಸುಲಿಯುತ್ತೇನೆ ಎಂದು ಹಲ್ಲು ಕಡಿಯುತ್ತಿದ್ದೆ.

ಮರಣ ದಾಖಲಾಗಿದ್ದ ಆಸ್ಪತ್ರೆ ದೂರದ ಊರಿನದು. ನಾನು ಅಲ್ಲಿಗೆ ಹೋದಾಗ, ಸತ್ತವಳು ಅಲ್ಲೇ ನರ್ಸ್ ಆಗಿದ್ದಳೆಂದು ಹೇಳಿ ಅವಳ ಕೆಲಸದ ಫೈಲು ತೆರೆದರು. ನನ್ನ ಹೆಸರು, ನನ್ನ ಹುಟ್ಟಿದ ದಿನ, ನನ್ನ ನೋಂದಣಿ ಸಂಖ್ಯೆ. ಫೋಟೋದಲ್ಲಿ ನೀನು.

ಫೈಲನ್ನು ಹತ್ತಿರ ಎಳೆದುಕೊಂಡು ಆ ಮುಖವನ್ನು ಮತ್ತೆ ನೋಡಿದೆ. ಅಲ್ಲಿನ ಮೇಟ್ರನ್ ನೀರು ಕೊಟ್ಟರು. "ಅವಳಂಥ ಕೈ ಇನ್ನೊಂದಿಲ್ಲಮ್ಮ. ಮಕ್ಕಳಿಗೆ ಸೂಜಿ ಚುಚ್ಚಿದ್ದೇ ಗೊತ್ತಾಗ್ತಿರ್ಲಿಲ್ಲ. ಕಾಯಿಲೆ ಬಿದ್ದು ನಮ್ಮ ವಾರ್ಡಿನಲ್ಲೇ ಹೋದಳು. ನೋಡೋಕೆ ಒಬ್ಬರೂ ಬರ್ಲಿಲ್ಲ." ಬೈಗುಳ ಕೂಡಿಟ್ಟುಕೊಂಡು ಹೋದವಳು, ನೀನು ಮಲಗಿದ್ದ ಮಂಚವನ್ನು ತೋರಿಸುವಂತೆ ಕೇಳಿದೆ. ಪರೀಕ್ಷೆ ಪಾಸಾಗದೆ ರೋಗಿಗಳನ್ನು ಮುಟ್ಟಿದ್ದು ತಪ್ಪು ಗುಬ್ಬಿ, ದೊಡ್ಡ ತಪ್ಪು. ಅದನ್ನು ನಾನು ಒಪ್ಪುವುದಿಲ್ಲ. ಆದರೂ ಆ ಖಾಲಿ ಮಂಚವನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತೆ.

'ಈ ಚಿತ್ರದಲ್ಲಿರುವವಳು ನಾನಲ್ಲ' ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ. ನನ್ನ ಜೀವ ನನಗೆ ಮರಳಿತು. ಮರಣದ ದಾಖಲೆಯಲ್ಲಿ ನೀನು 'ಅಪರಿಚಿತ ಮಹಿಳೆ' ಆದೆ. "ನಿಮ್ಮ ಕೆಲಸ ಆಯ್ತಲ್ಲ ಅಕ್ಕಾ" ಎಂದಳು ವಕೀಲೆ. ಆದರೆ ನಿನ್ನ ಹೆಸರು ದಾಖಲಾಗಲು ನಿನ್ನ ಮನೆಯವರೇ ಗುರುತಿಸಿ ಸಹಿ ಹಾಕಬೇಕಿತ್ತು. ನಿನ್ನ ಅಣ್ಣನನ್ನು ಹುಡುಕಿಕೊಂಡು ಹೋದೆ. "ಮಾನ ಕಳೆದವಳು, ನಮಗೆ ಬೇಡ" ಎಂದು ಬಾಗಿಲು ಹಾಕಿದ. ಹೊಸ್ತಿಲಲ್ಲೇ ಕೂತೆ. ಸಂಜೆ ಅತ್ತಿಗೆ ಬಾಗಿಲು ತೆರೆದು ಅವನನ್ನು ಹೊರಗೆ ಕರೆತಂದಳು. ಅವನು ನಿನ್ನ ಫೋಟೋ ನೋಡಿದ, ತಲೆ ಎತ್ತದೆ ಸಹಿ ಹಾಕಿದ. ಆರೋಪಿ ಬದುಕಿಲ್ಲವೆಂದು ಪೊಲೀಸರು ಪ್ರಕರಣ ಮುಗಿಸಿದರು. ಮರಣದ ದಾಖಲೆಗೆ ನಿನ್ನ ಹೆಸರು ಬಂತು.

ನನಗೆ ತಡೆಯಲಾಗದ ಮಾತೊಂದಿದೆ. ಮೇಟ್ರನ್ ಹೇಳಿದ್ದು. ಕೊನೆಯ ದಿನ ನಿನಗೆ ಪ್ರಜ್ಞೆ ಬರುತ್ತಾ ಹೋಗುತ್ತಾ ಇತ್ತಂತೆ. ಅವರೆಲ್ಲ ಮಂಚದ ಸುತ್ತ ನಿಂತು ನನ್ನ ಹೆಸರು ಹಿಡಿದು ಕೂಗಿದರಂತೆ. ಎಷ್ಟು ಕೂಗಿದರೂ ನೀನು ತಿರುಗಿ ನೋಡಲಿಲ್ಲವಂತೆ. ನಿನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನನ್ನು ಕರೆಸಿದ್ದರೆ ಓಡಿ ಬರುತ್ತಿದ್ದೆನಲ್ಲೇ. ಕಿವಿಯ ಹತ್ತಿರ ಬಾಗಿ ಕರೆಯುತ್ತಿದ್ದೆ.

ನೆಮ್ಮದಿಯಾಗಿ ಮಲಗು ಗುಬ್ಬಿ, ಗುಬ್ಬೀ.

ನಿನ್ನವಳು,
ಪಕ್ಕದ ಮಂಚದವಳು