ಅಪ್ಪನ ಬಾಸಿಗೆ ಹೊಸ ತಂತಿ

ವೈಮಾನಾಲೊ, ಒವಾಹು
ಶುಕ್ರವಾರ, ೨೬ ಏಪ್ರಿಲ್ ೧೯೫೭

ಪ್ರೀತಿಯ ಪಿಲಿಪೋ ಅಣ್ಣಾ,

ಹೇಗಿದ್ದೀಯ? ಹೊಸ ಮಾತ್ರೆ ಹೊಟ್ಟೆಗೆ ಒಗ್ಗಿತೇ? ಕಾಲಿನ ಗಾಯ ಮಾಯುತ್ತಾ ಬಂದಿದೆ ಎಂದು ಹೋದ ಸಲ ಬರೆದಿದ್ದೆ. ಪೂರ್ತಿ ಮಾಯಿತೋ, ಇಲ್ಲ ನನ್ನ ಬಾಯಿ ಮುಚ್ಚಿಸಲು ಬರೆದದ್ದೋ? ನಿಮ್ಮ ಕಲೌಪಾಪದಲ್ಲಿ ಈಗ ಸಮುದ್ರದ ಗಾಳಿ ಜೋರಿರುತ್ತದೆ, ಎದೆಗೆ ಗಾಳಿ ತಾಗಿಸಿಕೊಳ್ಳಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ಮಡಚುವುದಿಲ್ಲ, ನಾಲಿಗೆ ಮಾತ್ರ ಇನ್ನೂ ಚುರುಕು. ನನ್ನ ಗಂಡ ಹೆನೆಲಿ ಟ್ರಕ್ಕಿಗೆ ಹಸಿರು ಬಣ್ಣ ಬಳಿದಿದ್ದಾನೆ. ನೋಡಿದವರೆಲ್ಲ ನಗುತ್ತಾರೆ, ಅವನಿಗೆ ಅದು ಹೊಗಳಿಕೆಯ ಹಾಗೆ ಕೇಳಿಸುತ್ತದೆ.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಡಾಕ್ಟರು ಮತ್ತೆ ಮತ್ತೆ ಪರೀಕ್ಷೆ ಮಾಡಿ, ಕುಷ್ಠ ಇನ್ನು ನಿನ್ನಿಂದ ಯಾರಿಗೂ ಅಂಟುವುದಿಲ್ಲ, ಕಲೌಪಾಪ ಬಿಟ್ಟು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಬರೆದುಕೊಟ್ಟರೆಂಬ ಸಾಲನ್ನು ಅಮ್ಮನಿಗೆ ನಾಲ್ಕು ಸಲ ಓದಿ ಹೇಳಿದೆ. ಅಪ್ಪ ಹೋಗಿ ವರ್ಷ ತುಂಬುವ ದಿನ, ಅತ್ತವರೆಲ್ಲ ಒಟ್ಟಿಗೆ ಕೂತು ಉಣ್ಣುವ ಮೇ ಹದಿನೆಂಟರ ಊಟಕ್ಕೆ ಬರುತ್ತೇನೆ, ಅಪ್ಪ ಕಟ್ಟಿದ ಮೂರು ಹಾಡಿಗೆ ಅಪ್ಪನ ದೊಡ್ಡ ಬಾಸ್ ಪಿಟೀಲನ್ನೇ ನುಡಿಸುತ್ತೇನೆ ಎಂಬುದನ್ನೂ ಓದಿದೆ. ಅದರ ಕೆಳಗಿನ ಸಾಲನ್ನು ಓದಲಿಲ್ಲ. ಬೆಳಗಿನ ವಿಮಾನಕ್ಕೆ ಬಂದು ಸಂಜೆಯ ವಿಮಾನಕ್ಕೆ ಹಿಂದಿರುಗುತ್ತೇನೆ, ಯಾರಿಗೂ ಮಲಗುವ ಜಾಗದ ಚಿಂತೆ ಬೇಡ ಎಂದು ಬರೆದಿದ್ದೆಯಲ್ಲ, ಆ ಸಾಲು. ಇಪ್ಪತ್ತೈದು ವರ್ಷದ ಮೇಲೆ ಮನೆಗೆ ಬರುವವನು ಪರ ಊರಿನ ಪಾದ್ರಿಯ ಹಾಗೆ ಉಂಡು ಎದ್ದುಹೋಗುತ್ತಾನೆ ಎಂದು ತಾಯಿಗೆ ಓದಿ ಹೇಳುವ ಧೈರ್ಯ ನನಗಿಲ್ಲ ಅಣ್ಣಾ.

ಈಗ ನನಗೆ ಬಂದಿರುವ ಕಷ್ಟ ಕೇಳು. ಅವತ್ತೇ ಅಮ್ಮ ಜಗಲಿಯಲ್ಲಿ ಕೂತು ಚಾಪೆ ಹೆಣೆಯಲು ಶುರು ಮಾಡಿದಳು. ಎರಡನೇ ದಿನ ತಲೆಯೆತ್ತದೆಯೇ, "ಲುಯಿಕಾ, ಎಷ್ಟುದ್ದ ಹೆಣೀಲೇ? ಹೋಗುವಾಗ ನಿಮ್ಮಪ್ಪನ ಭುಜದ ತನಕ ಇದ್ದ. ಈಗ ಎಷ್ಟಿದ್ದಾನೋ" ಎಂದು ಕೇಳಿದಳು. ಹದಿನೇಳರಲ್ಲಿ ಕರೆದೊಯ್ದ ಮಗನಿಗೆ ಈಗ ನಲವತ್ತೆರಡು. ನಾನೂ ಅಪ್ಪನೂ ನಿನ್ನನ್ನು ನೋಡಲು ಒಂದೇ ಒಂದು ಸಲ ಬಂದಾಗ ಅಮ್ಮ ಬರಲಿಲ್ಲ, ಜಾಲರಿಯ ಆಚೆ ಕೂತ ಮಗನನ್ನು ನೋಡಲಾರೆ ಎಂದಳು. ನಾವು ಈಚೆ, ನೀನು ಆಚೆ, ಮುಟ್ಟುವ ಹಾಗಿಲ್ಲ. ನೀನು ಮೊದಲು ಕೇಳಿದ್ದೇ "ಬಾಸ್ ಯಾರು ನುಡಿಸ್ತಿದಾರೆ?" ಎಂದು. ಅಪ್ಪ "ನಾನೇ, ಕೆಟ್ಟದಾಗಿ" ಎಂದರು. ನೀನು ನಕ್ಕೆ. ದೋಣಿಯಲ್ಲಿ ಹಿಂದಿರುಗುವಾಗ ಅಪ್ಪ ದಾರಿಯುದ್ದಕ್ಕೂ ಆ ನಗುವಿನ ವಿಷಯವನ್ನೇ ಮಾತಾಡಿದರು. ಅಮ್ಮನಿಗೆ ಹೇಳಲು ನನ್ನ ಹತ್ತಿರ ಇರುವುದು ಅಷ್ಟೇ. ಅಪ್ಪನಷ್ಟೇ ಉದ್ದ ಹೆಣಿ ಎಂದೆ. ಹೆಣೆಯುತ್ತಿದ್ದಾಳೆ.

ಇನ್ನು ಬಾಸಿನ ವಿಷಯ. ಅಪ್ಪ ಹೋದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಮೂಲೆಯಲ್ಲಿ ನಿಂತೇ ಒಂದು ತಂತಿ ತಾನಾಗಿ ಹರಿದಿತ್ತು, ಉಳಿದವು ಉಪ್ಪುಗಾಳಿಗೆ ಎಳೆ ಎಳೆಯಾಗಿದ್ದವು. ಹೊಸ ತಂತಿ ಹಾಕಿಸು ಎಂದು ನೀನು ಬರೆದದ್ದು ಸರಿಯೇ. "ಈಗ ಉಕ್ಕಿನದು ಬಂದಿದೆಯಂತೆ, ಅದನ್ನೇ ಹಾಕಿಸು, ಬಯಲಿನಲ್ಲಿ ಜೋರಾಗಿ ಕೇಳುತ್ತೆ" ಎಂದಿದ್ದೆ. ಎಡಗೈಯ ಕೊನೆಯ ಎರಡು ಬೆರಳು ಮಡಚಿಕೊಂಡೇ ಇರುತ್ತವೆ, ಎರಡೂ ಕೈಯ ಬೆರಳ ತುದಿಗೆ ಬಿಸಿ ತಣ್ಣಗೆ ತಿಳಿಯುವುದಿಲ್ಲ ಎಂಬುದನ್ನು ಅದೇ ಸಾಲಿನ ಬಾಲಕ್ಕೆ ಸೇರಿಸಿ ಮುಗಿಸಿದ್ದೆ. ನಾನು ಓದಿ ಸುಮ್ಮನೆ ಒಪ್ಪಿಕೊಂಡೆ. ಉಕ್ಕು ಎಂದರೆ ಉಕ್ಕು. ನುಡಿಸುವವನು ನೀನು.

ಆ ವಾರವೇ ಪಾಲಾನಿ ಚಿಕ್ಕಪ್ಪ ಬಂದರು. ಊಟದ ದಿನ ಉಕುಲೇಲೆ ಹಿಡಿಯುವವರು ಅವರೇ. ನಮ್ಮಲ್ಲಿ ಇಂಥ ದಿನ ಒಬ್ಬರ ಕೈಯಲ್ಲೇ ವಾದ್ಯ ಉಳಿಯುವುದಿಲ್ಲವಲ್ಲ, ಒಂದು ಹಾಡು ಮುಗಿದರೆ ಪಕ್ಕದವರ ಕೈಗೆ ಹೋಗುತ್ತದೆ. ಅದೇ ಅವರ ತಲೆಯಲ್ಲಿ ಕೊರೆಯುತ್ತಿತ್ತು. ಅಮ್ಮ ಒಳಗೆ ಹೋದದ್ದನ್ನು ನೋಡಿಕೊಂಡು ನನ್ನ ಹತ್ತಿರ ಬಗ್ಗಿ, "ಏನಾದ್ರೂ ಆಗ್ಲಿ, ಉಕ್ಕಿಂದೇ ಹಾಕ್ಸು ಲುಯಿಕಾ. ಅವ್ನು ನುಡಿಸಿದ ಮೇಲೆ ಸ್ಪಿರಿಟ್ ಹಚ್ಚಿ ಒರೆಸಿಬಿಡಬಹುದು. ಕುರಿ ಕರುಳಿನ ತಂತಿ ಆದ್ರೆ ಬೆವರು ಕುಡ್ಕೊಂಡು ಕೂತಿರುತ್ತೆ ಕಣೇ" ಎಂದರು. ನನಗೆ ಮೈ ಉರಿಯಿತು. ಆದರೆ ನೀನೂ ಉಕ್ಕಿನದನ್ನೇ ಕೇಳಿದ್ದೆಯಲ್ಲ, ಜಗಳ ಯಾಕೆ ಎಂದು ನುಂಗಿಕೊಂಡೆ. ಅವರನ್ನು ಕೆಟ್ಟವರೆಂದು ತಿಳಿಯಬೇಡ. ನಿನ್ನನ್ನು ಹಡಗು ಹತ್ತಿಸಿದ ದಿನ ಬಂದರಿನ ಕಟ್ಟೆಯ ಕೊನೆಯ ತನಕ ಓಡಿದವರು ಅವರೇ, ಅಪ್ಪನಿಗೆ ಕಾಲು ಬರಲಿಲ್ಲ. ಆದರೆ ಅಗಲಿಸುವ ಕಾಯಿಲೆ ಎಂದು ಆಗ ಹೊಕ್ಕ ಹೆದರಿಕೆ ಡಾಕ್ಟರ ಚೀಟಿ ನೋಡಿ ಇಳಿಯುವಂಥದ್ದಲ್ಲ. ಅವರ ಮನೆಯಲ್ಲಿ ಮೂರು ತಿಂಗಳ ಮೊಮ್ಮಗಳೂ ಇದ್ದಾಳೆ.

ಮೊನ್ನೆ ಬುಧವಾರ ಬಾಸನ್ನು ಹೆನೆಲಿಯ ಟ್ರಕ್ಕಿನಲ್ಲಿ ಬಾಳೆಗೊನೆಗಳ ನಡುವೆ ಮಲಗಿಸಿಕೊಂಡು ಹೊನೊಲುಲುವಿಗೆ ಹೋದೆವು. ಆಳೆತ್ತರದ ಅದಕ್ಕೆ ಬಿಳಿ ಬೆಡ್‌ಶೀಟ್ ಹೊದಿಸಿದ್ದೆ. ದಾರಿಯಲ್ಲಿ ಇಬ್ಬರು ಟೋಪಿ ತೆಗೆದು ನಿಂತರು, ಹೆಣ ಎಂದುಕೊಂಡು. ನಗು ಬಂದರೂ ನಗಲು ಮನಸ್ಸಾಗಲಿಲ್ಲ.

ವಾದ್ಯ ರಿಪೇರಿಯ ಮೆಡೆರೋಸ್ ತಾತ ಇನ್ನೂ ಇದ್ದಾರೆ. ಪೋರ್ಚುಗೀಸರ ಆ ದೊಡ್ಡ ಮೂಗು ಇನ್ನೂ ದೊಡ್ಡದಾಗಿದೆ. ಉಕ್ಕಿನ ತಂತಿ ಕೊಡಿ ಎಂದರೆ ಕೊಡಬೇಕೋ ಬೇಡವೋ? "ಯಾರು ನುಡಿಸ್ತಾರೆ, ಎಲ್ಲಿ ನುಡಿಸ್ತಾರೆ, ಕೈ ಹೇಗಿದೆ, ಈ ಮೂರು ಹೇಳದೆ ನನ್ನ ಹತ್ರ ತಂತಿ ಕೇಳ್ಬೇಡಮ್ಮ" ಎಂದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ತಂತಿಯ ಬೆಲೆ ಕೇಳಿ ಮಾತು ಮರೆಸಲು ನೋಡಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನಮ್ಮಣ್ಣ ನುಡಿಸ್ತಾನೆ, ನಮ್ಮನೆ ಬಯಲಲ್ಲಿ, ಹುಲಾ ಕುಣಿತಕ್ಕೆ. ಕಲೌಪಾಪದಿಂದ ಬರ್ತಿದ್ದಾನೆ. ಬೆರಳಿಗೆ ಏನೂ ಗೊತ್ತಾಗಲ್ಲ." ಒಬ್ಬ ಹೆಂಗಸು ಹೊರಗೆ ಹೋದಳು. ಮೆಡೆರೋಸ್ ತಾತ ಮೇಜಿನ ಮೇಲಿದ್ದ ಉಕ್ಕಿನ ತಂತಿಯ ಪೊಟ್ಟಣವನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟರು.

"ಉಕ್ಕು ಮೊದಲು ನೋಯಿಸುತ್ತೆ, ಆಮೇಲೆ ಕೊಯ್ಯುತ್ತೆ. ನೋವಾದಾಗ ನಾವು ಕೈ ತೆಗೀತೀವಿ. ನಿಮ್ಮಣ್ಣನಿಗೆ ನೋವೇ ಆಗಲ್ಲ ಅಂದ್ರೆ ಕೈ ತೆಗೆಯೋದು ಯಾವಾಗ? ಹಾಡು ಮುಗಿದ ಮೇಲೆ ರಕ್ತ ನೋಡ್ಕೊಂಡಾ?" ಎಂದರು. ನಾನು ಮೊದ್ದಿನ ಹಾಗೆ, ಅದು ಜೋರಾಗಿ ಕೇಳುತ್ತಂತಲ್ಲ ಎಂದೆ. "ಹುಲಾಕ್ಕೆ? ಉಕ್ಕು ಗುಂಯ್ ಅಂತ ಎಳೀತಾನೇ ಇರುತ್ತೆ. ಕುಣಿಯೋರ ಕಾಲಿಗೆ ಬೇಕಾಗಿರೋದು ಧಪ್ ಅನ್ನೋ ಏಟು. ಅದು ಕರುಳಿನ ತಂತೀಲೇ ಬರೋದು. ನಿಮ್ಮಪ್ಪನಿಗೆ ಗೊತ್ತಿತ್ತು, ನಿಮ್ಮಣ್ಣನಿಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು. ಹದಿನಾರನೇ ವಯಸ್ಸಿನಲ್ಲಿ ಕರುಳಿನ ತಂತಿಗೆ ಕುಕುಯಿ ಎಣ್ಣೆ ಸವರುತ್ತಾ, ನಾನು ಹತ್ತಿರ ಬಂದರೆ ಕೈಗೆ ಹೊಡೆಯುತ್ತಿದ್ದವನು ನೀನು. ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ನೀನೂ ಚಿಕ್ಕಪ್ಪನೂ ಒಂದೇ ತಂತಿ ಕೇಳಿದ್ದೀರಿ, ಒಂದೇ ಕಾರಣಕ್ಕೆ. ಅವರು ಬಾಯಿಬಿಟ್ಟು ಹೇಳಿದರು, ನೀನು ಜೋರು ಗೀರು ಎಂದು ಸುಳ್ಳು ಬರೆದೆ. ನೀನು ಮುಟ್ಟಿದ್ದನ್ನು ನಾವು ಒರೆಸಲು ಅನುಕೂಲವಾಗಲಿ ಎಂದು ನಿನ್ನ ಕೈ ಕೊಯ್ಯುವ ತಂತಿಯನ್ನು ಆರಿಸಿಕೊಂಡೆ. ಚಿಕ್ಕಪ್ಪನ ಮೇಲೆ ಬಂದ ಸಿಟ್ಟಿಗಿಂತ ನಿನ್ನ ಮೇಲೆ ಬಂದ ಸಿಟ್ಟು ಹೆಚ್ಚು. ಅಷ್ಟೊಂದು ಜನರ ಮುಂದೆ ಅತ್ತೆ. ಮೆಡೆರೋಸ್ ತಾತ ಅಳತೆಪಟ್ಟಿ ಹಿಡಿದು ಕೆಲಸಕ್ಕೆ ಕೂತರು.

ಆರಿಸಿದ್ದು ಹೀಗೆ. ಎಡಗೈಯಲ್ಲಿ ಎರಡೇ ಬೆರಳಿನ ಬಲ ಇರುವುದರಿಂದ ತುಸು ತೆಳ್ಳಗಿನ ಅಳತೆಯದು, ಒತ್ತಲು ಹಗುರ. ತಂತಿ ಹೊರುವ ಕುದುರೆಯನ್ನೂ ಉಜ್ಜಿ ತಗ್ಗಿಸಿದ್ದಾರೆ. ಮೂರು ತಂತಿಯೂ ಬರೀ ಕರುಳು. ನಾಲ್ಕನೆಯದಕ್ಕೆ, ಎಲ್ಲಕ್ಕಿಂತ ದಪ್ಪನೆಯದಕ್ಕೆ, ಮೇಲೆ ತಾಮ್ರ ಸುತ್ತಿರುತ್ತದೆ. ತಾಮ್ರ ಸವೆದರೆ ಅಂಚು ಏಳುತ್ತದಂತೆ. ಬೇಡವೇ ಬೇಡ ಎಂದೆ. ಆ ಜಾಗ ಖಾಲಿ ಇದೆ. ತೀರಾ ಕೆಳಗಿನ ಸ್ವರ ಬಂದಾಗ ನೀನು ಸುಮ್ಮನೆ ನಿಂತಿರು, ಅಲ್ಲಿ ನಾನು ಹಾಡಿ ತುಂಬುತ್ತೇನೆ. ಹಾಡು ಒಂದಾದರೂ ನನಗೆ ಬರುತ್ತದಲ್ಲ.

ನಿನ್ನೆ ಚಿಕ್ಕಪ್ಪ ಬಂದು ಬಾಸನ್ನು ನೋಡಿದರು. "ನಿಂಗೆ ಬುದ್ಧಿ ಇದೆಯೇನೇ? ನಮ್ಮನೇಲಿ ಹಸುಗೂಸಿದೆ" ಎಂದು ಕೂಗಾಡಿದರು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಚಾಪೆಯಿಂದ ತಲೆಯೆತ್ತಿದಳು. "ಪಾಲಾನಿ, ಆ ದಿನ ಪೊಯಿ ಅಂಬಲಿಯ ಬೋಗುಣಿ ಒಂದೇ ಇಡೋದು. ನನ್ ಮಗ ಅದರಲ್ಲೇ ಬೆರಳು ಅದ್ದುತ್ತಾನೆ, ನಾನೂ ಅದರಲ್ಲೇ ಅದ್ದುತ್ತೀನಿ. ಬೇಕಿದ್ರೆ ಬಂದು ಉಣ್ಣು, ಬೇಡದಿದ್ರೆ ನಿನ್ ಮನೇಲೇ ಉಣ್ಣು" ಎಂದಳು. ಅವರ ಮುಖ ಚಿಕ್ಕದಾಯಿತು. ಹೋಗುವಾಗ ಟೋಪಿ ಮರೆತು ಹೋದರು. ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಬರುತ್ತಾರೆ ಎಂದು ನಿನಗೆ ಸುಳ್ಳು ಬರೆಯುವುದಿಲ್ಲ. ಬಾರದಿದ್ದರೆ ಉಕುಲೇಲೆ ನಾನು ಹಿಡಿಯುತ್ತೇನೆ, ಗಿಟಾರ್ ಹೆನೆಲಿಯದು. ಕೆಲವರು ದೂರ ಕೂರುತ್ತಾರೆ. ಕೂರಲಿ ಬಿಡು. ಅಪ್ಪನ ಹಾಡು ದೂರಕ್ಕೂ ಕೇಳುತ್ತದೆ.

ಅಪ್ಪನ ಸಮಾಧಿಯ ಹತ್ತಿರ ನೆಟ್ಟ ಉದ್ದ ಎಲೆಯ ತೀ ಗಿಡ ಮಂಡಿಯೆತ್ತರ ಬಂದಿದೆ. ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ, ಕಾಗದದಲ್ಲಿ ಹೇಗೆ ಕಳಿಸುವುದೆಂದು ನನ್ನನ್ನೇ ಕೇಳಿ ಕೊನೆಗೆ ಕಾಗದಕ್ಕೇ ಕೊಟ್ಟಳು. ಹೆನೆಲಿಯ ನಮಸ್ಕಾರ. ನಿನ್ನ ಪಕ್ಕದ ಮನೆಯ ಕಣ್ಣು ಕಾಣದ ಅಜ್ಜಿಗೆ ಇದನ್ನು ಓದಿ ಹೇಳು, ಬಾಸಿನ ವಿಷಯ ಅವರಿಗೆ ಇಷ್ಟವಾದೀತು. ದೇವರು ನಿನ್ನ ಎರಡೂ ಕೈಯನ್ನು ಕಾಪಾಡಲಿ.

ನಿನ್ನ ತಂಗಿ,
ಲುಯಿಕಾ

ತಾ.ಕ.: ಹೆನೆಲಿ ಟ್ರಕ್ ಸ್ಟಾರ್ಟ್ ಮಾಡಿಕೊಂಡು ಕೂಗುತ್ತಿದ್ದಾನೆ, ಅಂಚೆಗೆ ಹೊತ್ತಾಯಿತು. ಉಕ್ಕಿನ ತಂತಿಯಾಗಿದ್ದರೆ ಒಂದೆರಡು ದಿನದಲ್ಲಿ ಶ್ರುತಿ ನಿಲ್ಲುತ್ತಿತ್ತಂತೆ. ಹೊಸ ಕರುಳಿನ ತಂತಿ ಹದಿನೈದು ದಿನ ಜಗ್ಗುತ್ತಲೇ ಇರುತ್ತದೆ, ಯಾರಾದರೂ ತಿಳಿದವರು ಪಕ್ಕದಲ್ಲೇ ಇದ್ದು ದಿನಕ್ಕೆ ಹತ್ತು ಸಲ ಬಿರಡೆ ತಿರುಗಿಸಿ ಕೂಡಿಸುತ್ತಿರಬೇಕು ಎಂದು ಮೆಡೆರೋಸ್ ತಾತ ಎಚ್ಚರಿಸಿದರು. ಅದನ್ನು ಕೇಳಿದ ಮೇಲೆ ನಾನು ಮತ್ತೆ ಯೋಚನೆ ಮಾಡಲಿಲ್ಲ. ಈ ಮನೆಯಲ್ಲಿ ಅದು ನಿನಗೊಬ್ಬನಿಗೇ ಬರುವುದು. ಬರುವ ಗುರುವಾರ, ಮೇ ಎರಡರ ವಿಮಾನದ ಟಿಕೆಟ್ಟು ಇದರ ಜೊತೆಗಿದೆ. ವಾಪಸ್ಸಿನ ಟಿಕೆಟ್ಟು ತೆಗೆದಿಲ್ಲ.